ಹ್ಯಾಂಡಲ್ ಮೇಲಿನ ಸವತಿ

ನಮ್ಮ ಯಜಮಾನರು ಶ್ರೀಕಾಂತ್ ಅವರಿಗೆ ದಿಕ್ಕು ತಿಳಿಯುವುದಿಲ್ಲ. ಹೀಯಾಳಿಸಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕವನ್ನು ಬಾಯಲ್ಲೇ ಹಾಕುವ ಮನುಷ್ಯ, ಅಂಗಡಿಯಿಂದ ಹೊರಗೆ ಬಂದರೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ನನ್ನ ಮುಖ ನೋಡುತ್ತಾರೆ. ತುಮಕೂರಿನಿಂದ ಕೆಲಸಕ್ಕೆಂದು ಚೆನ್ನೈಗೆ ಬಂದವರು. ನಾನು ಇಲ್ಲೇ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ಗಾರ್ಡ್ ಸೀತಾರಾಮ ಅವರ ಮಗಳು ಕಲಾವತಿ. ಈ ಊರಿನ ಸಂದಿಗೊಂದಿಯೆಲ್ಲ ನನಗೆ ಕಣ್ಣು ಕಟ್ಟಿದರೂ ಗೊತ್ತು.

ಮದುವೆಯಾದಾಗಿನಿಂದ ಸ್ಕೂಟರ್ ಓಡಿಸುವುದು ಅವರು, ಹಿಂದೆ ಕೂತು ಭುಜ ತಟ್ಟುವುದು ನಾನು. ಎಡಭುಜ ತಟ್ಟಿದರೆ ಎಡಕ್ಕೆ, ಬಲಭುಜ ತಟ್ಟಿದರೆ ಬಲಕ್ಕೆ. ಎರಡನ್ನೂ ಒಟ್ಟಿಗೆ ತಟ್ಟಿದರೆ, ನಿಲ್ಲಿಸಿ, ಇಲ್ಲಿ ಬೆಂಡೆಕಾಯಿ ಎಳೆಯದಿದೆ ಎಂದು ಅರ್ಥ. ಹೀಗೇ ಸಂಸಾರ ನಡೆದಿತ್ತು.

ಐವತ್ತು ದಾಟಿದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು, ಸಕ್ಕರೆಯ ಹಿಂದೆ ಸೈಕಲ್ ಬಂತು. ವಡಪಳನಿಯ ನಮ್ಮ ಮನೆಯಿಂದ ಭಾನುವಾರ ಬೆಳಗಾಗುವ ಮುಂಚೆ ಹೊರಡುತ್ತಿದ್ದರು. ಆಮೇಲೆ ಫೋನ್ ಬರುತ್ತಿತ್ತು. “ಕಲಾ, ಎದುರಿಗೊಂದು ನೀರಿನ ಟ್ಯಾಂಕಿದೆ. ನಾನೆಲ್ಲಿದೀನಿ?” ಒಂದು ಸಲವಂತೂ ಮರೀನಾಕ್ಕೆಂದು ಹೊರಟವರು ಕಾಸಿಮೇಡು ತಲುಪಿ ಮೀನಿನ ಹರಾಜಿನ ನಡುವೆ ಸೈಕಲ್ ಹಿಡಿದು ನಿಂತಿದ್ದರು. “ಕಲಾ, ಸುತ್ತ ಬರೀ ಮೀನು ಕಣೇ. ನನ್ನನ್ನೇ ನೋಡ್ಕೊಂಡು ರೇಟು ಕೂಗ್ತಿದಾರೆ!” ನಾನು ಒಂದು ಕೈಯಲ್ಲಿ ಹುಳಿ ಕದಡುತ್ತಾ ಅವರನ್ನು ಮನೆವರೆಗೂ ಕರೆತಂದೆ. ಬೈಯುತ್ತಲೇ ಕರೆತಂದೆ, ಆದರೆ ಒಳಗೊಳಗೆ ಹಿಗ್ಗು. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಮನುಷ್ಯನಿಗೆ ನಾನಿಲ್ಲದೆ ಮನೆ ಸಿಗುವುದಿಲ್ಲವಲ್ಲ!

ಆಗ ಬಂದಳು ಸವತಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಜಿಪಿಎಸ್ ಡಬ್ಬಿ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು ಇವರಿಗೆ ದಾಟಿಸಿದ್ದು. ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರುವುದು, ದಾರಿ ತಪ್ಪಿದರೆ ಟೀಂ ಎನ್ನುವುದು, ಇಷ್ಟೇ ಅದರ ಕಸುಬು. ಮೊದಲ ವಾರ ನನಗೆ ಬಹಳ ಸಮಾಧಾನವಾಯಿತು. ಅದರೊಳಗಿದ್ದದ್ದು ಯಾವುದೋ ದೂರದ ದೇಶದ ನಕ್ಷೆ. ಚೆನ್ನೈಗೆ ಚೆನ್ನೈಯೇ ಮಾಯವಾಗಿ, ಬಿಳೀ ಪರದೆಯ ನಡುವೆ ಯಜಮಾನರು ಒಂಟಿ ತ್ರಿಕೋನವಾಗಿ ನಿಂತಿದ್ದರು. ಆ ಭಾನುವಾರವೂ ಫೋನ್ ಬಂತು.

ನನ್ನ ಸಂತೋಷಕ್ಕೆ ಕಲ್ಲು ಹಾಕಿದವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದ ನಿಖಿತಾ. ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎಲ್ಲಿಂದಲೋ ಒಂದು ನಕ್ಷೆ ಇಳಿಸಿ, ಅದರೊಳಗೆ ತುಂಬಿಬಿಟ್ಟಳು. “ಎಷ್ಟು ಕೊಟ್ಟೆಯೇ ಇದಕ್ಕೆ?” ಎಂದೆ. ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. “ಫ್ರೀ ಮಾ. ಯಾರು ವೇಣುಂನಾಲೂ ರೋಡ್ ಸೇರ್ಕಲಾಂ,” ಎಂದಳು. ಯಾರು ಬೇಕಾದರೂ ತಮಗೆ ಗೊತ್ತಿರುವ ರಸ್ತೆಯನ್ನು ಅದಕ್ಕೆ ಸೇರಿಸಬಹುದಂತೆ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಂತೆ. ಲೋಕದ ಜನವೆಲ್ಲ ಸೇರಿ ಬರೆದ ನಕ್ಷೆ. ಲೋಕದ ಜನಕ್ಕೆ ಬೇರೆ ಕೆಲಸವಿಲ್ಲವೇ ಅಂದುಕೊಂಡೆ.

ಫೋನ್ ನಿಂತುಹೋಯಿತು. ಭಾನುವಾರ ಹುಳಿ ಕದಡುತ್ತಾ ಫೋನ್ ಕಡೆ ನೋಡುತ್ತೇನೆ, ಅದು ಸುಮ್ಮನೆ ಬಿದ್ದಿರುತ್ತದೆ. ಯಜಮಾನರು ಹೇಳಿದ ಹೊತ್ತಿಗೆ ಸರಿಯಾಗಿ, ನಗುನಗುತ್ತಾ ಬರುತ್ತಾರೆ. ಬಂದವರೇ ಮೊದಲು ಡಬ್ಬಿಯನ್ನು ಬಿಚ್ಚಿ, ಕನ್ನಡಕದ ಮೆತ್ತನೆಯ ಬಟ್ಟೆಯಲ್ಲಿ ಅದರ ಮುಖ ಒರೆಸುತ್ತಾರೆ. ನನ್ನ ಕನ್ನಡಕವನ್ನು ಒಂದು ದಿನ ಒರೆಸಿಕೊಟ್ಟವರಲ್ಲ. ನನಗೆ ಹೊಟ್ಟೆ ಉರಿಯಿತು. ಡಬ್ಬಿಯ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ನಿಮ್ಮ ಜಾಗದಲ್ಲಿ ಇನ್ನೊಂದು ಬಂದು ಕೂತು, ನಿಮಗಿಂತ ಚೆನ್ನಾಗಿ, ಬೈಯದೆ ಆ ಕೆಲಸ ಮಾಡಿದರೆ ಗೊತ್ತಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಒಂದು ಸಂಜೆ ಕಾಫಿ ಕುಡಿಯುತ್ತಾ ಅವರಾಗಿಯೇ ಕೇಳಿದರು. “ಕಲಾ, ದೇವಸ್ಥಾನದ ಹಿಂದೆ ಹೂವಿನೋರು ಕೂರೋ ಕಡೆಯಿಂದ ಮೆಯಿನ್ ರೋಡಿಗೆ ಒಂದು ಓಣಿ ಇದೆಯಲ್ವಾ?” ನನಗೆ ಜೀವ ಬಂದಂತಾಯಿತು. ಓಣಿಯ ಜೊತೆಗೆ ಅದರ ಅಕ್ಕತಂಗಿಯರನ್ನೂ ಹೇಳಿದೆ. ಸಿನಿಮಾ ಸ್ಟುಡಿಯೋ ಗೋಡೆಯ ಪಕ್ಕದ್ದು, ಮಳೆ ಬಂದರೆ ನೀರು ನಿಲ್ಲುವುದು, ಕೊನೆಯಲ್ಲಿ ಗೋಡೆ ಅಡ್ಡ ಬಂದಿರುವುದು, ಎಲ್ಲವೂ. ದಿನಾ ಸಂಜೆ ಕೇಳಿದರು, ದಿನಾ ಹೇಳಿದೆ. ಆಮೇಲೆ ತಿಳಿಯಿತು, ನಾನು ಹೇಳಿದ್ದನ್ನೆಲ್ಲ ಅವರು ಲ್ಯಾಪ್‌ಟಾಪಿನಲ್ಲಿ ಆ ಬಿಟ್ಟಿ ನಕ್ಷೆಗೆ ಸೇರಿಸುತ್ತಿದ್ದರು. ಕೆಲವು ವಾರ ಬಿಟ್ಟು ಹೊಸ ನಕ್ಷೆ ಇಳಿಸಿಕೊಂಡರೆ ನನ್ನ ಓಣಿಗಳೆಲ್ಲ ಡಬ್ಬಿಯೊಳಗೆ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುವುದು ಇದಕ್ಕೇ. ಸವತಿಗೆ ನಾನೇ ಕೂತು ತುತ್ತು ತಿನ್ನಿಸಿದ್ದೆ. ಅಂದಿನಿಂದ ಬಾಯಿ ಹೊಲಿದುಕೊಂಡೆ.

ಆಗಲೇ ಅವರು ಆ ಸಂದಿಯ ವಿಷಯ ತೆಗೆದದ್ದು. ಟಿ. ನಗರದಲ್ಲಿ ಜವಳಿ ಅಂಗಡಿಗಳ ಬೆನ್ನ ಹಿಂದೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದ ಸಂದಿ. ಅಪ್ಪ ತೋರಿಸಿಕೊಟ್ಟದ್ದು. ಅಲ್ಲಿ ನುಗ್ಗಿದರೆ ಜಂಗುಳಿಯನ್ನು ದಾಟಿ ಸೀದಾ ರೈಲ್ವೆ ಸ್ಟೇಷನ್ನಿನ ಹತ್ತಿರ ಏಳಬಹುದು. ನಮ್ಮ ಮೊದಲ ದೀಪಾವಳಿಗೆ ಸೀರೆ ತರಲು ಹೋದಾಗ, ಜನ ನೋಡಿ ಬೆದರಿದ ಇವರನ್ನು ಕೈ ಹಿಡಿದು ಅಲ್ಲಿಂದಲೇ ದಾಟಿಸಿದ್ದೆ. ಅವತ್ತು ನನ್ನ ಮನಸ್ಸು ಹೇಗಿತ್ತು ಎನ್ನುವುದು ಬೇರೆ ಮಾತು.

“ಆ ಸಂದಿ ಎಲ್ಲಿ ಬರುತ್ತೆ ಕಲಾ?”

“ನೆನಪಿಲ್ಲ.”

“ನಿನಗಾ? ನೆನಪಿಲ್ವಾ?”

“ವಯಸ್ಸಾಯ್ತು. ನಿಮ್ಮ ಡಬ್ಬಿಯನ್ನೇ ಕೇಳಿ.”

ಮುಂದಿನ ವಾರವೂ ಕೇಳಿದರು, ಅದರ ಮುಂದಿನ ವಾರವೂ. ಭಾನುವಾರ ಅಂಗಡಿಗಳು ತೆಗೆಯುವ ಮುಂಚೆ ಟಿ. ನಗರಕ್ಕೆ ಹೋಗಿ ಬಂದು, “ಸಿಗಲಿಲ್ಲ ಕಣೇ,” ಎನ್ನುತ್ತಿದ್ದರು. ಆ ದಿನಗಳಲ್ಲಿ ಉಪ್ಪಿಟ್ಟಿಗೆ ಗೋಡಂಬಿ ಜಾಸ್ತಿ ಹಾಕಿದೆ. ಸುಳ್ಳೇಕೆ ಹೇಳಲಿ, ಅವರು ಅಲೆಯುವುದು ನನಗೆ ಇಷ್ಟವಾಗುತ್ತಿತ್ತು. ಹುಡುಕಲಿ. ಅಲೆದು ಸಾಕಾಗಿ ಕೊನೆಗೆ ನನ್ನ ಹತ್ತಿರವೇ ಬರಲಿ.

ಮೊನ್ನೆ ನಿಖಿತಾ ಊಟದ ಮೇಜಿನ ಮೇಲೆ ಆ ನಕ್ಷೆ ತೆರೆದಿಟ್ಟುಕೊಂಡಿದ್ದಳು. ಆ ಸಂದಿ ಅಲ್ಲಿಲ್ಲದ್ದನ್ನು ಕಣ್ಣಾರೆ ನೋಡಿ ಖುಷಿಪಡೋಣವೆಂದು ಪಕ್ಕದಲ್ಲಿ ಕೂತು, ಟಿ. ನಗರ ತೋರಿಸು ಎಂದೆ. ತೋರಿಸಿದಳು. ಅಂಗಡಿಗಳ ಹಿಂದೆ ಚುಕ್ಕಿ ಚುಕ್ಕಿಯ ಗೆರೆಯೊಂದು ಸ್ಟೇಷನ್ನಿನವರೆಗೂ ಹೋಗಿತ್ತು. ಅದೇ ಸಂದಿ.

“ಯಾರೇ ಹಾಕಿದ್ದು ಇದನ್ನ?”

ನಿಖಿತಾ ಎಲ್ಲೋ ಒತ್ತಿ ನೋಡಿ, ಕೌಸಲ್ಯಾ ಎನ್ನುವವರು, ಎಷ್ಟೋ ವರ್ಷದ ಹಿಂದೆ, ಎಂದಳು. ಡಬ್ಬಿ ಈ ಮನೆಗೆ ಕಾಲಿಡುವ ಎಷ್ಟೋ ಮುಂಚೆ. ಯಾರವಳು, ಎಷ್ಟು ವಯಸ್ಸು, ನನ್ನಪ್ಪ ತೋರಿಸಿಕೊಟ್ಟ ಸಂದಿ ಅವಳಿಗೆ ಹೇಗೆ ಗೊತ್ತು ಎಂದು ಮಗಳನ್ನೇ ಕೇಳಿದೆ. ಒಬ್ಬಳು ಸವತಿ ಸಾಲದೆಂದು ಇನ್ನೊಬ್ಬಳು. “ಎನಕ್ಕೆಪ್ಪಡಿ ಮಾ ತೆರಿಯುಂ?” ತನಗೆ ಹೇಗೆ ಗೊತ್ತಾಗಬೇಕು ಎಂದು ನಿಖಿತಾ ನನ್ನನ್ನೇ ವಿಚಿತ್ರವಾಗಿ ನೋಡಿದಳು. ಅಷ್ಟರಲ್ಲಿ ಇನ್ನೊಂದು ಹೊಳೆದು ಮೈಯೆಲ್ಲ ಉರಿಯಿತು. ನಕ್ಷೆಯಲ್ಲಿದ್ದರೆ ಡಬ್ಬಿಯಲ್ಲೂ ಇರಬೇಕಲ್ಲ. ಹಾಗಾದರೆ ಈ ಮನುಷ್ಯ ಇಷ್ಟು ವಾರ ನನ್ನೆದುರು ಆಡಿದ್ದೆಲ್ಲ ನಾಟಕ.

ಬಾಲ್ಕನಿಯಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದರು.

“ಆ ಸಂದಿ ನಿಮ್ಮ ಡಬ್ಬಿಯಲ್ಲೇ ಇದೆಯಂತಲ್ಲ?” ಎಂದೆ.

ತಲೆ ಎತ್ತಲಿಲ್ಲ. “ಇದೆ. ಮೊದಲ ದಿನವೇ ನೋಡಿದೆ.”

“ಮತ್ತೆ ಸಿಗಲಿಲ್ಲ ಸಿಗಲಿಲ್ಲ ಅಂತ ನನ್ನನ್ನ ಯಾಕೆ ಆಟ ಆಡಿಸಿದ್ರಿ?”

“ಆಟ ಅಲ್ಲ ಕಲಾ. ಹೋದಾಗಲೆಲ್ಲ ಅಲ್ಲೇ ನಿಂತು ಬರ್ತಿದ್ದೆ.” ಎಣ್ಣೆಯ ಡಬ್ಬ ಕೆಳಗಿಟ್ಟರು. “ಅವತ್ತು ಸೀರೆ ತಂದ ದಿನ ಆ ಸಂದಿಯ ನಡುವೆ ಗೋಡೆ ಕಡೆ ತಿರುಗಿಕೊಂಡು ಅಳ್ತಿದ್ದೆಯಲ್ಲ ನೀನು. ನಾನು ಚೀಲ ಹಿಡ್ಕೊಂಡು ಹಿಂದೆ ನಿಂತಿದ್ದೆ. ಹೊಸದಾಗಿ ಮದುವೆಯಾದೋನು, ಯಾಕೆ ಅಂತ ಕೇಳೋಕೆ ಹೆದರಿಕೆಯಾಯ್ತು. ಆಮೇಲೆ ಕೇಳೋಕೆ ನಾಚಿಕೆಯಾಯ್ತು. ಈಗ ಆ ಜಾಗದ ಮಾತು ತೆಗೆದ್ರೆ ನೀನೇ ಹೇಳ್ತೀಯೇನೋ ಅಂದ್ಕೊಂಡೆ.”

ಜಗಳಕ್ಕೆಂದು ಸೊಂಟ ಕಟ್ಟಿ ಬಂದವಳು ಬಾಲ್ಕನಿಯ ಹೊಸ್ತಿಲ ಮೇಲೆ ಕೂತೆ. ಅವರು ಅದನ್ನು ನೋಡಿದ್ದರು ಎಂಬುದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

“ಸೀರೆ ಆರಿಸೋಕೆ, ಅವತ್ತು ಅಂಗಡಿಗೆ ಬಂದಿದ್ದ ನಿಮ್ಮ ಅತ್ತಿಗೆ ಗೋದಾಬಾಯಿಯವರನ್ನ ಕೇಳಿದ್ರಿ,” ಎಂದೆ. “ಎರಡು ಸೀರೆ ಅವರ ಮುಂದೆ ಹರವಿಸಿ, ಕಲಾಗೆ ಯಾವುದು ಒಪ್ಪುತ್ತೆ ಅತ್ತಿಗೆ, ಅಂದ್ರಿ. ಅವರು ನೀಲಿ ಅಂದ್ರು, ನೀವು ನೀಲಿ ಕಟ್ಟಿಸಿದ್ರಿ. ಉಡೋಳು ನಾನು. ಪಕ್ಕದಲ್ಲೇ ಕೂತಿದ್ದೆ. ನನ್ನನ್ನ ಕೇಳಲಿಲ್ಲ.”

ಅವರು ಎಣ್ಣೆಯಾದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದರು.

“ನಿನಗೆ ಯಾವುದು ಬೇಕಿತ್ತು?”

“ಹಸಿರು,” ಎಂದೆ. ಯೋಚಿಸಬೇಕಾಗಲೇ ಇಲ್ಲ.