ಹಡಗಿನ ಮೈಲಪ್ಪನ ಕಲ್ಲು

ಹಡಗಲಿ ತಾಲೂಕಿನ ಆ ಹೊಳೆದಂಡೆಯ ಊರಲ್ಲಿ ಶಿವಮ್ಮನ ಮನೆಯ ಗುಟ್ಟು ಒಂದೂ ಉಳಿಯುತ್ತಿರಲಿಲ್ಲ. ಗಂಡ ಮೈಲಪ್ಪನಿಗೆ ಕಿವಿ ಮಂದ. ಸಾರಿಗೆ ಉಪ್ಪು ಸಾಕೇ ಎಂದು ಕೇಳಬೇಕಾದರೂ ಆಕೆ ಓಣಿಗೆಲ್ಲ ಕೇಳುವಂತೆ ಕೂಗಬೇಕು. ಎಷ್ಟೋ ಸಲ ಪಕ್ಕದ ಮನೆಯವರೇ "ಸಾಕಂತ ಬಿಡಬೇ" ಎಂದು ಉತ್ತರ ಕೊಟ್ಟುಬಿಡುವರು.

ಕಿವಿ ಹೋದದ್ದು ಮುಂಬಯಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಮೈಲಪ್ಪ ಹೊಳೆಯಲ್ಲಿ ಹರಿಗೋಲು ನಡೆಸುವುದನ್ನು ಬಿಟ್ಟು ಅಲ್ಲಿನ ಹಡಗುಕಟ್ಟೆಗೆ ಕೂಲಿಗೆ ಹೋಗಿದ್ದ. ಯುದ್ಧದ ಹಡಗಿನ ಹೊಟ್ಟೆಯೊಳಗೆ ಕೂತು, ಹೊರಗಿನವರು ಬಡಿಯುವ ಕೆಂಡದಂಥ ರಿವೆಟ್ ಮೊಳೆಗೆ ಒಳಗಿನಿಂದ ಭಾರದ ಕಬ್ಬಿಣ ಆನಿಸಿ ಹಿಡಿಯುವುದು ಅವನ ಕೆಲಸ; ಆ ಬಡಿತದ ಸದ್ದೇ ಕಿವಿಯನ್ನು ತಿಂದಿತ್ತು. ಯುದ್ಧ ಮುಗಿದು ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಸಮುದ್ರದ ಮುಖ ಕಾಣದ ಊರು. ಹರಿಗೋಲಿಗಿಂತ ದೊಡ್ಡದು ತೇಲಿದ್ದನ್ನು ಕಂಡವರಿರಲಿಲ್ಲ. 'ಹಡಗಿನ ಮೈಲಪ್ಪ' ಎಂದು ಹೆಸರಿಟ್ಟು ಐವತ್ತು ವರ್ಷ ಚಹಾದಂಗಡಿಯಲ್ಲಿ ನಕ್ಕರು. ನಮ್ಮ ಜನ ಬೇರೇನೂ ಕೊಡದಿದ್ದರೂ ನಗೆಯನ್ನು ಧಾರಾಳವಾಗಿ ಕೊಡುತ್ತಾರೆ. ಮೈಲಪ್ಪ ಸಿಟ್ಟಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಉಣ್ಣುತ್ತಿರಲಿಲ್ಲ, ಅಷ್ಟೇ. ಅದು ಶಿವಮ್ಮನಿಗೆ ಮಾತ್ರ ಗೊತ್ತು.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ನಿವೃತ್ತ ಹೆಡ್‌ಮಾಸ್ತರ ವೀರಭದ್ರಯ್ಯ ಮುಂಬಯಿಯ ಮಗಳ ಮನೆಗೆ ಹೊರಟವರು, ಕೆಲಸದ ಗುರುತಿಗೆ ಕೊಟ್ಟದ್ದೆಂದು ಮೈಲಪ್ಪ ಜೋಪಾನ ಮಾಡಿದ್ದ ಹಿತ್ತಾಳೆ ಬಿಲ್ಲೆಯನ್ನು ಒಯ್ದು ಹಡಗುಕಟ್ಟೆಯ ಹಳೆಯ ಕೆಲಸಗಾರರಿಗೆ ತೋರಿಸಿದರು. ಇದು ಯುದ್ಧಕಾಲದ ರಿವೆಟ್ಟಿನವರ ಬಿಲ್ಲೆಯೇ ಎಂದರಂತೆ ಅವರು. ಊರು ಒಮ್ಮೆಲೇ ಮಗ್ಗುಲು ಬದಲಿಸಿತು. ಬಸ್‌ಸ್ಟ್ಯಾಂಡಿನ ಬೇವಿನ ಮರದಡಿ ಮೈಲಪ್ಪನ ಹೆಸರಿನ ಕಲ್ಲು ನಿಲ್ಲಿಸುವುದೆಂದು ಯುವಕ ಸಂಘ ತೀರ್ಮಾನಿಸಿತು. ಆವತ್ತು ಅವನು ಕೇಳಿ ಕೇಳಿ ರೊಟ್ಟಿ ಹಾಕಿಸಿಕೊಂಡ.

ಶಿವಮ್ಮ ಮಾತ್ರ ಉಣ್ಣಲಿಲ್ಲ. ಅವಳು ಕಂಡ ಕಲ್ಲುಗಳೆಲ್ಲ ಸತ್ತವರವು: ಊರ ಬಾಗಿಲಿನ ವೀರಗಲ್ಲು, ಹೊಲದ ಬದುವಿನ ಮಾವನ ಕಲ್ಲು. ಉಸಿರಾಡುವ ಮನುಷ್ಯನನ್ನು ಕಲ್ಲಿಗೆ ಹತ್ತಿಸಿದರೆ, ಇವನ ಪಾಳಿ ಮುಗಿಯಿತೆಂದು ಮೇಲಿನವನು ತಿಳಿಯುವುದಿಲ್ಲವೇ?

"ಜೀವ ಇದ್ದೋರಿಗೆ ಕಲ್ಲು ಬ್ಯಾಡ್ರಿ. ನನಗ ಹೆದರಿಕಿ ಆಗತೈತಿ," ಎಂದು ಮರುದಿನ ರಾತ್ರಿ ಊಟಕ್ಕೆ ಕೂತಾಗ ಕೂಗಿದಳು.

ಓಣಿಗೆಲ್ಲ ಕೇಳಿತು. ಮೈಲಪ್ಪನಿಗೂ ಕೇಳಿತು. ಮುಂದಿದ್ದ ತಾಟನ್ನು ಅತ್ತ ಸರಿಸಿದ.

"ಬ್ಯಾಡಂದ್ರ ಬ್ಯಾಡ ಬಿಡು. ನಾಳೆ ಮಾಸ್ತರಿಗೆ ಹೇಳಿ ಬರ್ತೀನಿ."

ಅವನು ಜಗಳಕ್ಕೆ ನಿಂತಿದ್ದರೆ ಶಿವಮ್ಮ ಗೆದ್ದು ನಿಶ್ಚಿಂತೆಯಾಗಿರುತ್ತಿದ್ದಳು. ಅವನು ಒಪ್ಪಿಕೊಂಡು, ಉಣ್ಣದೆ ಮಗ್ಗುಲಾದ; ಅವಳು ರೊಟ್ಟಿಬುಟ್ಟಿ ಮುಚ್ಚಿಟ್ಟು ಅವನ ಪಕ್ಕ ಎಚ್ಚರವಾಗಿಯೇ ಕೂತಳು. ಸುಳ್ಳು ಬಯಲಾದೀತೆಂದು ಮುದುಕ ಹಿಂದೆ ಸರಿದ ಎಂದು ನಾಳೆ ಅಂಗಡಿಯಲ್ಲಿ ಮಾತೇಳುವುದು ಖಾತ್ರಿ. ಆಮೇಲೆ ಸಾಯುವ ತನಕ ಅದೇ ನಗೆ.

ಬೆಳಗ್ಗೆ ಅವನು ಏಳುವ ಮೊದಲೇ ಕಲ್ಲುಕುಟಿಗ ಜಂಬಯ್ಯನ ಅಂಗಳಕ್ಕೆ ಹೋದಳು.

"ನಮ್ಮನಿಯವರ ಹೆಸರು ಕೆತ್ತಪಾ ಜಂಬಯ್ಯ. ಅದರ ಮಗ್ಗುಲಿಗೆ ನಂದೂ ಕೆತ್ತು."

"ನಿಂದ್ಯಾಕ ಅಕ್ಕಾ? ನೀ ಯಾವ ಹಡಗ ಕಟ್ಟಿದ್ದಿ?"

"ಮ್ಯಾಲಿನಾಂವ ಹೆಸರು ಓದಿ ಕರಿಯಾಕ ಬಂದ್ರ ಇಬ್ರನ್ನೂ ಕರಕೊಂಡು ಹೋಗ್ಲಿ. ಅವರೊಬ್ರನ್ನ ಕಳಿಸಿ ನಾ ಇಲ್ಲಿ ಯಾರಿಗೆ ಕೂಗ್ಲಿ?"

ಜಂಬಯ್ಯ ಉಳಿ ಎತ್ತಿಕೊಂಡ. ಸಂಘದ ಹುಡುಗರು ತಕರಾರು ತೆಗೆದಾಗ ಹೆಡ್‌ಮಾಸ್ತರರು, "ಇರ್ಲಿ ಬಿಡ್ರೋ," ಎಂದು ಬಾಯಿ ಮುಚ್ಚಿಸಿದರು. ಹೀಗೆ 'ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟಿದವರು' ಎಂಬುದರ ಕೆಳಗೆ ಎರಡು ಹೆಸರು ಬಿದ್ದವು.

ಕಲ್ಲು ನಿಂತು ವರ್ಷಗಳಾದರೂ ಕರೆಯಲು ಯಾರೂ ಬರಲಿಲ್ಲ. ಒಂದು ದಿನ ಬಸ್ಸು ಬದಲಿಸಲು ಇಳಿದ ತೆಲಿಗಿ ಎಂಬ ಊರಿನ ಗೃಹಸ್ಥರೊಬ್ಬರು ಕಲ್ಲನ್ನು ಓದಿ, "ಅವರೇ ಇವರು, ಅಜ್ಜಗ ಕಿವಿ ಮಂದ" ಎಂದು ಊರವರು ತೋರಿಸಿದ ಮೇಲೆ, ಮರದಡಿ ಕೂತಿದ್ದ ಗಂಡ ಹೆಂಡಿರ ಬಳಿ ಬಂದರು. ಎರಡನೆಯ ಹೆಸರಿನತ್ತ ಬೆರಳು ಮಾಡಿ, ಶಿವಮ್ಮನತ್ತಲೂ ಬೆರಳು ಮಾಡಿ, ಹುಬ್ಬೇರಿಸಿದರು. ಅವಳು ನಾಚಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೂನ್ರಿ," ಎಂದ ಮೈಲಪ್ಪ. "ಇಬ್ರೂ ಕೂಡಿ ಕಟ್ಟೀವಿ."

ಐವತ್ತು ವರ್ಷ ಸುಳ್ಳುಗಾರನೆನಿಸಿಕೊಂಡ ಮನುಷ್ಯ ಹೇಳಿದ ಸುಳ್ಳು ಅದೊಂದೇ. ಅಲ್ಲಿ ಕೂತಿದ್ದ ಊರವರು ಯಾರೂ ನಗಲಿಲ್ಲ.