ಕೋಟೆ ಬಿಡದ ಗಂಗಿ

ರಟ್ಟು ಕೆಂಪಗಿತ್ತೆಂದು ನನ್ನ ನೆನಪು. ಕಳೆದ ವಾರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ತಮ್ಮನ ಫ್ಲ್ಯಾಟಿನ ಅಟ್ಟ ಗುಡಿಸುವಾಗ ಸಿಕ್ಕ ಪುಸ್ತಕದ ರಟ್ಟು ಹಸಿರು. ಆದ್ದರಿಂದ ಮುಂದೆ ಹೇಳುವುದರಲ್ಲೂ ಒಂದಿಷ್ಟು ಹಸಿರನ್ನು ನಾನು ಕೆಂಪು ಮಾಡಿರಬಹುದು; ನೀವು ಕೊಂಚ ಬಿಟ್ಟೇ ನಂಬಿ. ಪುಟ ತೆರೆದಾಗ ಬಂದ ನುಸಿಗುಳಿಗೆಯ ವಾಸನೆ ಮಾತ್ರ ಅದೇ.

ಅದು ಮಕ್ಕಳಿಗಾಗಿ ಬರೆದ ಐತಿಹಾಸಿಕ ಸಾಹಸ ಕಾದಂಬರಿ. ಮುತ್ತಿಗೆಗೆ ಸಿಕ್ಕ ಕೋಟೆ, ಅದನ್ನು ಕಾಯುವ ಕಿಲ್ಲೇದಾರ, ಕಳ್ಳದಾರಿಯಲ್ಲಿ ಸುದ್ದಿ ಒಯ್ಯುವ ಹುಡುಗ, ಬಿಳಿ ಕುದುರೆ. ಅಪ್ಪ ಧಾರವಾಡದಲ್ಲಿ ಚಿಕ್ಕವರಿದ್ದಾಗ ಓದಿದ್ದು. ಅರವತ್ತರ ದಶಕದಲ್ಲಿ ರೈಲ್ವೆ ಅವರನ್ನು ಬರೋಡಾಕ್ಕೆ ವರ್ಗ ಮಾಡಿದಾಗ, ಟ್ರಂಕಿನಲ್ಲಿ ಪಾತ್ರೆಗಳ ನಡುವೆ ಅದೂ ಬಂತು.

ಬರೋಡಾದಲ್ಲಿ ನನ್ನ ಕನ್ನಡ ಕೆಟ್ಟಿತು. ಕಾಲನಿಯ ಮಕ್ಕಳೊಡನೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ಎಲ್ಲದರ ಕಲಬೆರಕೆ. ಒಂದು ದಿನ ಊಟಕ್ಕೆ ಕೂತಾಗ, "ಅವ್ವಾ, ಪಾಣಿ ಆಪೋ," ಎಂದೆ. ಅವ್ವ ನೀರು ಕೊಟ್ಟಳು. ಅಪ್ಪ ಎತ್ತಿದ ತುತ್ತು ಕೆಳಗಿಟ್ಟರು.

"ಬ್ಯಾಸಿಗಿ ತನಕ ನೋಡ್ತೀನಿ. ಕನ್ನಡ ಸುದ್ದ ಆಗಲಿಲ್ಲಂದ್ರ ಧಾರವಾಡಕ್ಕ ಅಜ್ಜಿ ಕಡೆ ಬಿಟ್ಟು ಬರ್ತೀನಿ. ಅಲ್ಲೇ ಸಾಲಿಗೆ ಹೋಗ್ಲಿ."

"ಹುಡುಗಿ ಏನು ನಿಮ್ಮ ರೈಲ್ವೆ ಪಾರ್ಸಲ್ ಏನ್ರಿ, ಬುಕ್ ಮಾಡಿ ಕಳಸಾಕ?" ಎಂದಳು ಅವ್ವ.

"ಹಂಗಾದ್ರ ದಿನಾ ನೀನ ಇದನ್ನ ಓದಿ ಹೇಳು," ಎಂದು ಅಪ್ಪ ಆ ಪುಸ್ತಕ ಅವಳ ಕೈಗಿತ್ತರು.

ಅವ್ವ ಸೊಲ್ಲಾಪುರದವಳು. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಅದನ್ನು ಮರೆತಿದ್ದರೋ, ಅವಳು ಹೇಳಿಯೇ ಇರಲಿಲ್ಲವೋ, ತಿಳಿಯದು. ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಕತೆಯನ್ನು ಅಪ್ಪನಿಂದಲೇ ಕೇಳಿಕೊಂಡಿರಬೇಕು ಎಂದು ಆಗಲೂ ಅಂದುಕೊಂಡೆ. ಅವಳಾದರೋ ಸಂಜೆ ದೀಪ ಹಚ್ಚಿ, ಪುಸ್ತಕವನ್ನು ತೊಡೆಯ ಮೇಲೆ ಹರಡಿ, ಮೆಂತ್ಯಸೊಪ್ಪು ಸೋಸುತ್ತಲೇ ಸರಾಗವಾಗಿ ಓದುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಓದಿಯೂ ನನಗೆ ಹಾಗೆ ಓದಲು ಬಂದಿಲ್ಲ.

ಅವಳ ಕತೆಯಲ್ಲಿ ಗಂಗಿ ಎಂಬ ಹುಡುಗಿಯಿದ್ದಳು. ಬುರುಜಿನ ಮೇಲೆ ಯಾರೋ ಕೂದಲು ಬಿಟ್ಟುಕೊಂಡು ನಿಂತ ಚಿತ್ರ ತೋರಿಸಿ, "ಅಕೀನ ಇಕಿ, ನೋಡು," ಎನ್ನುತ್ತಿದ್ದಳು. ಗಂಗಿ ಹಗ್ಗ ಹಿಡಿದು ಗೋಡೆ ಇಳಿಯುತ್ತಿದ್ದಳು, ಶತ್ರುಗಳ ಸಾರಿಗೆ ಖಾರದ ಪುಡಿ ಸುರಿಯುತ್ತಿದ್ದಳು, ನನ್ನ ಹಾಗೆಯೇ ಬದನೆಕಾಯಿ ಮುಟ್ಟುತ್ತಿರಲಿಲ್ಲ.

ಬೇಸಿಗೆ ಬಂತು. ಅಪ್ಪ ಟ್ರಂಕು ಕೆಳಗಿಳಿಸಿದರು. ನನ್ನನ್ನು ಎದುರು ಕೂರಿಸಿಕೊಂಡು, "ಕತಿ ಹೇಳು," ಎಂದರು. ಹೇಳಿದೆ. ಗಂಗಿ ಬಂದಾಗ ಅವರು ಹುಬ್ಬೇರಿಸಿ ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಲಟ್ಟಣಿಗೆಯ ಸದ್ದು ನಿಂತಿತ್ತು.

"ಕಿಲ್ಲೇದಾರ ಅಕಿಗೆ ಏನಂದ?"

"'ಇಲ್ಲಿ ನಿಂದೇನು ಕೆಲಸ, ಅಜ್ಜಿ ಊರಿಗೆ ಹೋಗು' ಅಂದ."

"ಅದಕ್ಕ ಗಂಗಿ?"

"'ನಮ್ಮವ್ವ ಇಲ್ಲೇ ಇದ್ದಾಳ. ಅಕಿ ಇದ್ದಲ್ಲೇ ನನ್ನ ಕ್ವಾಟಿ. ನಾ ಬಿಟ್ಟು ಹೋಗಂಗಿಲ್ಲ' ಅಂದ್ಲು."

ಅಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಈ ಪುಸ್ತಕ ನಾ ಸರಿಯಾಗಿ ಓದಿಲ್ಲ ಅಂತ ಕಾಣ್ತದ," ಎಂದು ಒಳಗೆ ಕೇಳುವಷ್ಟು ಜೋರಾಗಿ ಹೇಳಿ, ಟ್ರಂಕನ್ನು ಮತ್ತೆ ಮೇಲಿಟ್ಟರು. ಲಟ್ಟಣಿಗೆ ಸದ್ದು ಮಾಡತೊಡಗಿತು.

ನನ್ನ ಕನ್ನಡವೇ ನನ್ನನ್ನು ಉಳಿಸಿತೆಂದು ಇಷ್ಟು ವರ್ಷ ಜಂಬಪಟ್ಟಿದ್ದೆ. ಕಳೆದ ವಾರ ಆ ಕಾದಂಬರಿಯನ್ನು ಮೊದಲ ಸಲ ಕೂತು ಓದಿದೆ. ಅದರಲ್ಲಿ ಗಂಗಿ ಇಲ್ಲ. ಅಜ್ಜಿಯ ಊರೂ ಇಲ್ಲ. ಬುರುಜಿನ ಮೇಲಿರುವುದು ರುಮಾಲು ಬಿಚ್ಚಿದ ಕಾವಲುಗಾರ. ಚಿತ್ರದ ಕೆಳಗೆ ಹಾಗೆಂದೇ ಅಚ್ಚಾಗಿದೆ.

ಅವ್ವ ಈಗ ತಮ್ಮನ ಮನೆಯಲ್ಲೇ ಇದ್ದಾಳೆ. ಪುಸ್ತಕವನ್ನು ಅವಳ ಮುಂದೆ ಹಿಡಿದು ಕೇಳಿದೆ: "ಅವ್ವಾ, ಇಂವ ಹುಡುಗಿ ಅಂತ ನಿನಗ ಖರೇನ ಅನಿಸಿತ್ತೇನು? ಇಲ್ಲಾ, ಅಪ್ಪಗ ಆ ಮಾತು ಮುಟ್ಟಸಾಕ ಗಂಗಿನ್ನ ನೀನ ಕರಕೊಂಡು ಬಂದ್ಯಾ?"

ಅವ್ವ ಚಿತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಬುರುಜಿನ ಮೇಲೆ ಹಾರುವ ಕೂದಲನ್ನು ಬೆರಳಿನಿಂದ ಸವರಿದಳು.

"ಎಷ್ಟು ಬೆಳದಾವ ನೋಡು," ಎಂದಳು. "ಜಡಿ ಹೆಣಿಯಾವರು ಯಾರೂ ಇಲ್ಲೇನು?"