ನಿನ್ನ ರಕ್ತದ ಮೇಲೆ ಹೊರಿಸಿದ ಸಾವು

ಮಲ್ಲಪ್ಪ, ನಿನ್ನ ತಂಗಿ ಸತ್ತದ್ದು ನಿನ್ನ ರಕ್ತದಿಂದಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ — ಇಷ್ಟು ವರ್ಷ.

ಎಪ್ಪತ್ತರ ದಶಕ. ಇಂಡಿ ಕಡೆಯ ಆ ಸಣ್ಣ ಆಸ್ಪತ್ರೆಗೆ ನಾನು ಹೊಸ ಡಾಕ್ಟರು. ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಹೆತ್ತು, ಬಹಳ ರಕ್ತ ಹೋಗಿ ಬಿಳಚಿಕೊಂಡಿದ್ದ ಶಾಂತವ್ವನನ್ನು ನೀನು ನಿಮ್ಮೂರು ಹೊರ್ತಿಯಿಂದ ಚಕ್ಕಡಿಯಲ್ಲಿ ಕರೆತಂದೆ. ಜೊತೆಗಿದ್ದ ನಿಮ್ಮವ್ವ, "ನಿನ್ನಿಯಿಂದ ಮೈ ಸುಡಾಕತ್ತೈತ್ರಿ ಸಾಹೇಬ್ರ, ನಡಗಾಕತ್ತಾಳ್ರಿ" ಎಂದಳು. ನಾನು ರೇಗಿದೆ: "ಬಾಣಂತಿ ಹೊರಸಿನ ಕೆಳಗ ಕೆಂಡ ಇಟ್ರ ಮೈ ಸುಡದ ಇನ್ನೇನ ಆಗ್ತೈತಿ?"

ನಮ್ಮ ಮನೆಯ ಬಾಣಂತಿಯರಿಗೂ ಹಾಗೆ ಮಂಚದ ಕೆಳಗೆ ಕೆಂಡದ ಕಾವು ಕೊಡುವುದನ್ನು ಕಂಡು ಬೆಳೆದವನು ನಾನು. ಎಲ್ಲ ಬಲ್ಲವನ ಹಾಗೆ ಅಂದುಬಿಟ್ಟೆ. ಅಷ್ಟು ದೂರ ಚಕ್ಕಡಿಯಲ್ಲಿ ಗಾಳಿಗೆ ಬಂದ ಮೈಯಲ್ಲಿ ಆ ಕಾವು ಉಳಿದಿರುತ್ತದೆಯೇ? ಥರ್ಮಾಮೀಟರು ನನ್ನ ಜೇಬಿನಲ್ಲೇ ಇತ್ತು.

ಅವಳಿಗೆ ರಕ್ತ ಕೊಡಬೇಕಿತ್ತು; ಪರೀಕ್ಷಿಸಿದಾಗ ನಿನ್ನದು ಹೊಂದಿತು. ನೀನು ಖುಷಿಯಿಂದ ತೋಳು ಚಾಚಿದೆ. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಅವಳಿಗೆ ಮಂಚ ಅಲುಗುವಂಥ ನಡುಕ. ಬಾಟಲಿ ತೆಗೆಸಿದೆ — ಅದು ತಪ್ಪಲ್ಲ. ಬೇರೇನಾದರೂ ಇದ್ದೀತೆಂದು ನೋಡದೇ ಹೋದದ್ದು ತಪ್ಪು. "ಅಣ್ಣನ ರಕ್ತ ತಂಗಿಗೆ ಒಗ್ಗಲಿಲ್ಲ" ಎಂದು ಹೇಳಿ, ನಡುಕಕ್ಕೊಂದು ಇಂಜೆಕ್ಷನ್ ಕೊಟ್ಟು ಕಾಯುತ್ತ ಕುಳಿತೆ. ಮರುದಿನ ಮುಂಜಾನೆ ನರ್ಸು ಬಟ್ಟೆ ಬದಲಿಸುವಾಗ ವಾಸನೆ ಬಂತು. ಗರ್ಭಕೋಶದಲ್ಲಿ ಕೀವಾಗಿತ್ತು. ನಿಮ್ಮವ್ವ ಹೇಳಿದ್ದು ಆ ನಂಜಿನ ಜ್ವರವನ್ನೇ — ನಿನ್ನ ರಕ್ತ ಅವಳ ಮೈ ಸೇರುವ ಮೊದಲೇ ಬಂದಿದ್ದ ಜ್ವರ. ಪೆನಿಸಿಲಿನ್ ಕಪಾಟಿನಲ್ಲಿತ್ತು. ಹಿಂದಿನ ದಿನವೇ ಕೊಟ್ಟಿದ್ದರೆ... ಸಂಜೆಯ ಹೊತ್ತಿಗೆ ಶಾಂತವ್ವ ತೀರಿಕೊಂಡಳು.

ನೀನು ಹೊರಗೆ ಬೇವಿನ ಮರದ ಕೆಳಗೆ, ಸೂಜಿ ಚುಚ್ಚಿದ ತೋಳನ್ನು ಹಿಡಿದುಕೊಂಡು ಕುಳಿತಿದ್ದೆ. "ನನ್ನ ರಕ್ತನ ಆಕಿನ್ನ ಕೊಂದ್ತೇನ್ರಿ ಸಾಹೇಬ್ರ?"

ಅಲ್ಲ ಎನ್ನಬಹುದಿತ್ತು. ಅಂದಿದ್ದರೆ, ನಿಮ್ಮವ್ವನ ಮಾತು ತಳ್ಳಿಹಾಕಿದವನು ನಾನೆಂದು ಊರಿಗೆಲ್ಲ ತಿಳಿಯುತ್ತಿತ್ತು. "ಎಲ್ಲಾ ದೇವರ ಇಚ್ಛಾ" ಎಂದು ಒಳಗೆ ಹೋದೆ. ಎಂಥ ಹೇಡಿ ನಾನು!

ಮೊನ್ನೆ, ಆ ಹೆರಿಗೆಯಲ್ಲಿ ಹುಟ್ಟಿದ ಶಾಂತವ್ವನ ಮಗಳು ತನ್ನ ಕೂಸನ್ನು ಎತ್ತಿಕೊಂಡು ನನ್ನ ದವಾಖಾನೆಗೆ ಬಂದಿದ್ದಳು. ಮಾತಿನ ನಡುವೆ, "ನಾ ಸಣ್ಣಾಕಿದ್ದಾಗ ಸ್ವಾದರಮಾವ ನನ್ನ ಒಮ್ಮಿನೂ ಎತ್ತಿಕೊಂಡಿಲ್ಲಂತ್ರಿ. ತನ್ನ ರಕ್ತ ಕೆಟ್ಟೈತಂತ ಈಗ ನನ್ನ ಕೂಸಿನ್ನೂ ಮುಟ್ಟಾಕ ಅಂಜತಾನ್ರಿ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಾಳೆ ಹೊರ್ತಿಗೆ ಬರುತ್ತೇನೆ, ಮಲ್ಲಪ್ಪ. ಇದನ್ನೆಲ್ಲ ಅವಳೆದುರೇ ಹೇಳುತ್ತೇನೆ. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು, ಹೊರಗೆ ದಬ್ಬು. ಮೊದಲು ಆ ಕೂಸನ್ನು ಎತ್ತಿಕೋ.